ಮಲೆನಾಡಿನ ಅಟ್ಟ: ವಿಸರ್ಜನಾಮೀಮಾಂಸೆಯ ಕೆಲವು ನೆಲೆಗಳು

ಪೀಠಿಕೆ: ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಹೆಂಚಿನ ಮನೆಗಳ ಅಟ್ಟವು ಒಂದು ಊರ್ಧ್ವಸ್ಥಿತ ಸ್ಮೃತ್ಯವಕಾಶ. ಅಲ್ಲಿನ ವಸ್ತುಗಳು ಉಪಯುಕ್ತತೆಯೊಂದಿಗಿನ ಮುಖಾಮುಖಿಯನ್ನು ಕಳೆದುಕೊಂಡೂ ಅಸ್ತಿತ್ವದೊಂದಿಗಿನ ಅನುಸಂಧಾನವನ್ನು ಬಿಟ್ಟುಕೊಡದಿರುವುದು ಬಹುಆಯಾಮೀ ವಿದ್ಯಮಾನ. ಅರ್ಥವಾಗದವರು ಗಾಬರಿಯಾಗಬೇಕಿಲ್ಲ. ವಿಚಾರಸಂಕಿರಣಗಳಲ್ಲಿ ಇಂಥ ವಾಕ್ಯ ಬಂದಾಗ ತಲೆಯಾಡಿಸುತ್ತಾ ಕೂತರೆ ಮಧ್ಯಾಹ್ನದ ಊಟಕ್ಕೆ ತೊಂದರೆಯಿಲ್ಲ.

ಪೂರ್ವಸೂರಿಗಳು: ಈ ಕ್ಷೇತ್ರದಲ್ಲಿ ಎರಡು ಪಂಥಗಳಿವೆ. ಮೊದಲನೆಯದು ಪರಿತ್ಯಾಗವಾದಿಗಳದು. ಇವರು ಬೆಂಗಳೂರಿನಿಂದ ಬಂದು, ಗುಡ್ಡ ಕಡಿದು ಕಟ್ಟಿದ ರೆಸಾರ್ಟುಗಳಲ್ಲಿ ಶಿಬಿರ ನಡೆಸಿ, ‘ಒಂದು ವರ್ಷ ಮುಟ್ಟದ ವಸ್ತು ನಿಮ್ಮದಲ್ಲ’ ಎಂದು ಬೋಧಿಸುತ್ತಾರೆ. ಈ ಸೂತ್ರದಂತೆ ತೋಟದ ಮೇಲ್ತುದಿಯ ಅರ್ಧ ಎಕರೆಯೂ, ಮಗಳ ಮದುವೆಗಿಟ್ಟ ಚಿನ್ನವೂ, ದುಬೈಯಲ್ಲಿರುವ ಭಾವನೂ ನಮ್ಮವರಲ್ಲ. ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ಬಚ್ಚಿಟ್ಟು ತಂದರೆಂಬುದು ಐತಿಹ್ಯ. ಅವರಿಗೆ ಈ ಶಿಬಿರದ ಲಾಭ ಸಿಕ್ಕಿದ್ದರೆ, ‘ಏಳೂ ನಿಮಗೆ ನಿಜಕ್ಕೂ ಬೇಕೇ?’ ಎಂದು ಕೇಳಿಸಿಕೊಂಡು ದಾರಿಯಲ್ಲೇ ಬಿಸಾಡಿ, ಹಗುರಾಗಿ ಬರುತ್ತಿದ್ದರು. ನಾವು ಇವತ್ತಿಗೂ ಬೆಲ್ಲದ ಜೀರಿಗೆ ಕಷಾಯ ಕುಡಿಯುತ್ತಿದ್ದೆವು.

ಎರಡನೆಯದು ಕುತೂಹಲವಾದಿಗಳ ಪಂಥ. ಮೂಡಿಗೆರೆಯ ತೋಟದಲ್ಲಿ ಕೂತು ತೇಜಸ್ವಿಯವರು ‘ಕರ್ವಾಲೊ’ (1980) ಬರೆದು, ಒಂದು ಹಾರುವ ಓತಿಯ ಹಿಂದೆ ಇಡೀ ಕರ್ನಾಟಕವನ್ನು ಓಡಿಸಿದ ಮೇಲೆ, ಸೃಷ್ಟಿಯ ರಹಸ್ಯ ಹುಡುಕಲು ಡಿಗ್ರಿ ಬೇಡವೆಂಬ ಧೈರ್ಯ ಈ ಸೀಮೆಗೆ ಬಂತು. ಪ್ರಸ್ತುತ ಪ್ರಬಂಧಕಾರನು ಅದೇ ಧೈರ್ಯದಲ್ಲಿ ಏಣಿ ಹತ್ತಿದವನು.

ಸಂಶೋಧನಾ ವಿಧಾನ: ಏಣಿ, ಟಾರ್ಚು, ಮೂಗಿಗೆ ಬೈರಾಸು. ಮಾರ್ಗದರ್ಶನ ಕೆಳಗಿನಿಂದ: “ಖಾಲಿ ಮಾಡಕ್ಕೆ ಹತ್ತಿದ್ದೋ, ಓದಕ್ಕೆ ಹತ್ತಿದ್ದೋ ಮಾರಾಯ್ರೇ? ಗುಜರಿಯವ್ನು ಗೇಟ್ ಹತ್ರ ನಿಂತಿದಾನೆ.”

ವರ್ಗೀಕರಣ: ಅಟ್ಟದ ವಸ್ತುಗಳನ್ನು ಏಳು ವರ್ಗಗಳಾಗಿ ವಿಂಗಡಿಸಬಹುದು.

ವರ್ಗ 1, ಕಾನೂನುಚ್ಯುತ ಮಾನಸಾಮಗ್ರಿ. ಅಂದರೆ ಕೊಳಗ, ಸೇರು, ಪಾವು. 1956ರ ಕಾಯಿದೆ ಮೆಟ್ರಿಕ್ ಅಳತೆ ತಂದ ಮೇಲೆ ಇವು ಸರ್ಕಾರದ ಕಣ್ಣಲ್ಲಿ ಬರೀ ಪಾತ್ರೆಗಳು.

ವರ್ಗ 2, ನಿರ್ಬೀಗ ಕುಂಚಿಕಾಗುಚ್ಛ. ಯಾವ ಬೀಗಕ್ಕೂ ಸೇರದ ಬೀಗದ ಕೈಗಳ ಗೊಂಚಲು. ಮನೆಯಲ್ಲಿ ಯಾರೂ ಇದನ್ನು ಎಸೆಯಲು ಒಪ್ಪುವುದಿಲ್ಲ. ಬೀಗ ಎಲ್ಲೋ ಇದೆ, ಅದರೊಳಗೆ ಏನೋ ಇದೆ ಎಂಬ ನಂಬಿಕೆ ದೇವರ ಮೇಲಿನ ನಂಬಿಕೆಗಿಂತ ಗಟ್ಟಿ.

ವರ್ಗ 3, ಪ್ರತೀಕ್ಷಾಪತ್ರ. 1940ರ ದಶಕದಿಂದ 1990ರ ದಶಕದವರೆಗೆ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಒಪ್ಪಿಸಬೇಕಿತ್ತು, ಹಣ ಕಂತುಕಂತಾಗಿ ಬರುತ್ತಿತ್ತು. ಆ ರಸೀದಿಗಳ ಕಟ್ಟು. ಪೂಲ್ ಹೋಯಿತು, ಅಜ್ಜನೂ ಹೋದರು, ಕಟ್ಟಿನ ದಾರ ಮಾತ್ರ ಸಡಿಲವಾಗಿಲ್ಲ.

ವರ್ಗ 4, ಗೊರಬು, ತೂತು ಹಂಡೆ, ಕಾಲು ಮುರಿದ ಬೀಟೆ ಕುರ್ಚಿ ಇತ್ಯಾದಿ. 5, 6, 7 ಕೂಡ ಇತ್ಯಾದಿಯೇ. ಏಳು ಅಂದದ್ದು ಗಾಂಭೀರ್ಯಕ್ಕೆ.

ಇಲ್ಲಿ ಒಂದು ನಿಜವಾದ ವಿಷಯ ಹೇಳಬೇಕು. ಅಡುಗೆಮನೆಯ ಸೌದೆ ಒಲೆಯ ಹೊಗೆ ಅಟ್ಟಕ್ಕೆ ಏರಿ, ನಮ್ಮ ಮಳೆಗಾಲದ ಥಂಡಿಯನ್ನೂ ಹುಳವನ್ನೂ ದೂರವಿಡುತ್ತಿತ್ತು. ಗ್ಯಾಸ್ ಬಂದು ಹೆಂಗಸರ ಕಣ್ಣು ಬದುಕಿತು, ಅದು ಆಗಬೇಕಾದ್ದೇ. ಆದರೆ ಹೊಗೆ ನಿಂತ ಮೇಲೆ ಕಾಗದಕ್ಕೆ ಬೂಸ್ಟು, ಮರಕ್ಕೆ ಗೆದ್ದಲು. ಅಟ್ಟ ತಾನಾಗಿಯೇ ಪರಿತ್ಯಾಗವಾದಿಯಾಗುತ್ತಿದೆ.

ಹೋಂಸ್ಟೇಯವರು ಹಂಡೆ ಒಯ್ದು ಹೂಗಿಡ ನೆಡುತ್ತಾರೆ, ಕಡೆಗೋಲನ್ನು ಗೋಡೆಗೆ ಮೊಳೆ ಹೊಡೆದು ‘ಪಾರಂಪರಿಕ’ ಎನ್ನುತ್ತಾರೆ. ನಗಬಹುದು. ಮುಂದಿನದಕ್ಕೆ ನಗು ಬರುವುದಿಲ್ಲ.

ರಸೀದಿಗಳ ಅಡಿಯಲ್ಲಿ ಚೆಕ್‌ರೋಲ್ ಪುಸ್ತಕಗಳಿದ್ದವು. ರೈಟರ್ ಬರೆದ ಕೂಲಿ ಲೆಕ್ಕ. ಒಂದೇ ಹೆಸರಿನ ಮೂವರು, ಗುರುತಿಗೆ ‘ಕುಂಟ’, ‘ಕರಿ’, ‘ಘಟ್ಟದ ಕೆಳಗಿನವ’. ಮೇಸ್ತ್ರಿ ಕೊಟ್ಟ ಮುಂಗಡ, ಅರ್ಧ ದಿನ, ಹೆಬ್ಬೆಟ್ಟು. ಒಬ್ಬ ಹೆಂಗಸಿನ ಹೆಸರಿನ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ‘ಬಾಕಿ ಉಂಟು’. ಓಡಿಹೋದಳೇ, ಜ್ವರ ಬಂದು ಸತ್ತಳೇ, ಮದುವೆಯಾದಳೇ? ಆ ಹೆಂಗಸು ಭೂಮಿಯ ಮೇಲೆ ಬದುಕಿದ್ದಳೆಂಬುದಕ್ಕೆ ಇರುವ ಒಂದೇ ದಾಖಲೆ ಅವಳ ಸಾಲ. ಬದುಕಿನ ರಹಸ್ಯ ಬೇಕೆಂದು ಶಿಬಿರದಲ್ಲಿ ಕಣ್ಣು ಮುಚ್ಚಿ ಕೂರುವವರಿಗೆ ಇದು ಕಾಣುವುದಿಲ್ಲ. ವಸ್ತುಮೋಹ ಬಿಡಿ ಎಂದು ಉಪದೇಶಿಸುವವರೇ, ಕೂಲಿಯವರ ಲೈನ್ ಮನೆಗೆ ಅಟ್ಟವೇ ಇಲ್ಲ ಸ್ವಾಮಿ! ಒಂದು ಟ್ರಂಕಿನಲ್ಲಿ ಸಂಸಾರ ಮುಗಿಯುವವರು ಏನನ್ನು ಬಿಡಬೇಕು? ಅವರ ಬೆವರಿನ ಕಾಫಿಯಿಂದ ಎದ್ದ ಮನೆಯ ಅಟ್ಟದಲ್ಲಿ ಅವರದಾಗಿ ಉಳಿದದ್ದು ಒಂದು ಹೆಬ್ಬೆಟ್ಟು. ಗುಜರಿಯವನು ಅದನ್ನೂ ಎತ್ತಿ ನೋಡಿ, “ರಟ್ಟು ಕಿತ್ತುಕೊಡಿ, ಪೇಪರಿಗೆ ಬೇರೆ ರೇಟು” ಎಂದ.

ಕೊಡಲಿಲ್ಲ.

ಅಟ್ಟ ಖಾಲಿ ಮಾಡುವವರಲ್ಲಿ ವಿನಂತಿ ಇಷ್ಟೇ: ಚೆಕ್‌ರೋಲ್ ಸಿಕ್ಕರೆ ರದ್ದಿಗೆ ಹಾಕಬೇಡಿ. ಪುಟಪುಟವನ್ನೂ ಫೋನಿನಲ್ಲಿ ಫೋಟೋ ತೆಗೆದಿಡಿ. ಲೈನಿನಲ್ಲಿ ಹಳಬರಿದ್ದರೆ ಹೆಸರು ಓದಿ ಹೇಳಿ, ಗುರುತು ಹಿಡಿದರೆ ಬರೆದುಕೊಳ್ಳಿ. ಹಂಡೆಯನ್ನು ಹೋಂಸ್ಟೇಯವರಿಗೇ ಕೊಡಿ, ದುಡ್ಡು ಎಣಿಸಿಕೊಂಡು.