ಪ್ರತಿಕೂಲಸ್ವಾಧೀನ ಮೀಮಾಂಸೆ, ಅಥವಾ ಪರರ ಜಮೀನು ಕಾಲಾನುಕ್ರಮದಲ್ಲಿ ಸ್ವಂತವಾಗುವ ಶಾಸ್ತ್ರ

ಕ್ರಯ, ದಾನ, ವಿಭಾಗ, ಉಯಿಲು ಎಂಬ ನಾಲ್ಕು ಮಾರ್ಗಗಳಿಂದ ಮಾತ್ರ ಭೂಮಿಯ ಒಡೆತನ ಪ್ರಾಪ್ತವಾಗುತ್ತದೆಂದು ಪಾಮರರು ನಂಬಿದ್ದಾರಾದರೂ, ಮುದ್ರಾಂಕ ಶುಲ್ಕವನ್ನಾಗಲಿ ನೋಂದಣಿ ಕಚೇರಿಯ ಸರತಿಯನ್ನಾಗಲಿ ಬೇಡದೆ ಕೇವಲ ತಾಳ್ಮೆಯನ್ನು ಬೇಡುವ ಐದನೆಯ ಮಾರ್ಗವೊಂದುಂಟು. ಪ್ರಾಜ್ಞರು ಇದನ್ನು ಪ್ರತಿಕೂಲ ಸ್ವಾಧೀನ ಎನ್ನುತ್ತಾರೆ. ಬಲಾತ್ಕಾರವಿಲ್ಲದೆ, ಗುಟ್ಟಿಲ್ಲದೆ, ಯಾರ ಅನುಮತಿಯೂ ಇಲ್ಲದೆ, ಮಾಲೀಕನ ಹಕ್ಕನ್ನು ಧಿಕ್ಕರಿಸುವ ವೈರಭಾವದಿಂದ ಒಬ್ಬನು ಮತ್ತೊಬ್ಬನ ಜಮೀನಿನಲ್ಲಿ ಎಡೆಬಿಡದೆ 12 ವರ್ಷ ಕೂತರೆ, 1963ರ ಕಾಲಮಿತಿ ಕಾಯ್ದೆಯ 65ನೆಯ ಅನುಚ್ಛೇದದ ಪ್ರಕಾರ ಮಾಲೀಕನ ದಾವೆಯ ಅವಧಿ ತೀರುತ್ತದೆ. 27ನೆಯ ಕಲಮಿನ ಪ್ರಕಾರ ಅವನ ಹಕ್ಕೇ ನಂದಿಹೋಗುತ್ತದೆ.

ಸ್ವಾಧೀನವು ಪಂಚವಿಧ. ಮೊದಲನೆಯದು ನಿಶಾಚರ ಸ್ವಾಧೀನ: ಕತ್ತಲಲ್ಲಿ ಬಾಂದುಕಲ್ಲು ಕಿತ್ತು ನಾಲ್ಕು ಮೊಳ ಆಚೆಗೆ ನೆಡುವವನೂ, ವರ್ಷಕ್ಕೊಂದು ನೇಗಿಲ ಸಾಲಿನಷ್ಟು ಬದುವನ್ನು ಸವೆಸುವವನೂ ಈ ವರ್ಗದವರು. ಗುಟ್ಟಾಗಿ ಮಾಡಿದ್ದು ಶಾಸ್ತ್ರಸಮ್ಮತವಲ್ಲವಾದ್ದರಿಂದ ಇವರು ಅಲ್ಪಜ್ಞರು. ಎರಡನೆಯದು ದಿವಾಚರ ಸ್ವಾಧೀನ: ಹಾಡಹಗಲೇ ಮುಳ್ಳುತಂತಿ ಬೇಲಿ ಬಿಗಿದು, ಬೋರ್‌ವೆಲ್ ಕೊರೆಸಿ, ತೆಂಗಿನ ಸಸಿ ನೆಟ್ಟು, ಮಾಲೀಕ ಬಂದು ಕೇಳಿದರೆ ಯಾರಯ್ಯ ನೀನು ಎಂದು ಅವನನ್ನೇ ವಿಚಾರಿಸುವವನು ಈ ಶಾಸ್ತ್ರದ ಪಾರಂಗತ. ಉಳಿದ ಮೂರರ ಲಕ್ಷಣಗಳನ್ನು ನಿರೂಪಿಸುವಷ್ಟರಲ್ಲಿ ಎರಡನೆಯವನು ಜಮೀನನ್ನು ಸೈಟು ಮಾಡಿ ಮಾರಿರುವುದರಿಂದ ವರ್ಗೀಕರಣವನ್ನು ಇಲ್ಲಿಗೇ ಕೈಬಿಡಲಾಗಿದೆ.

ಈ ಶಾಸ್ತ್ರವು ಕಾಲಕಾಲಕ್ಕೆ ವಿಕಾಸ ಹೊಂದಿದೆ. ಕರ್ನಾಟಕ ವಕ್ಫ್ ಮಂಡಳಿಯ ಮೊಕದ್ದಮೆಯಲ್ಲಿ 2004ರಲ್ಲಿ ಸುಪ್ರೀಂ ಕೋರ್ಟು, ಜಮೀನು ಮೂಲತಃ ತನ್ನದೇ ಎಂದೂ, ಅಲ್ಲವಾದರೆ ಕೂತು ಕೂತು ತನ್ನದಾಯಿತೆಂದೂ ಒಬ್ಬನೇ ವಾದಿಸುವಂತಿಲ್ಲವೆಂದಿತು. ಅಂದರೆ ಅತಿಕ್ರಮಿಯು ಮೊದಲು ಜಮೀನು ಪರರದೆಂದು ಪ್ರಾಮಾಣಿಕವಾಗಿ ಒಪ್ಪಬೇಕು. 2008ರಲ್ಲಿ ಅದೇ ನ್ಯಾಯಾಲಯ ಈ ಕಾನೂನು ತರ್ಕಹೀನವೆಂದು ಬೇಸರಪಟ್ಟು, ಬದಲಾಯಿಸುವ ಬಗ್ಗೆ ಯೋಚಿಸಿರೆಂದು ಕೇಂದ್ರಕ್ಕೆ ಹೇಳಿತು. 2013ರಲ್ಲಿ ಇದು ಗುರಾಣಿ ಮಾತ್ರ, ಕತ್ತಿಯಲ್ಲ ಎಂದು ತೀರ್ಪಾಯಿತು. 2019ರಲ್ಲಿ ಕತ್ತಿಯೂ ಹೌದೆಂದಾಯಿತು, ಅಂದರೆ ಕೂತವನು ತಾನೇ ದಾವೆ ಹೂಡಿ ಮಾಲೀಕನೆನಿಸಿಕೊಳ್ಳಬಹುದು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಿತುರಾಜ್ ಅವಸ್ಥಿ ಅವರ ಅಧ್ಯಕ್ಷತೆಯ ಕಾನೂನು ಆಯೋಗವು 2023ರ ತನ್ನ 280ನೆಯ ವರದಿಯಲ್ಲಿ ಎಲ್ಲವನ್ನೂ ಪರಾಮರ್ಶಿಸಿ, ಏನನ್ನೂ ಬದಲಾಯಿಸುವ ಅಗತ್ಯವಿಲ್ಲವೆಂದಿತು.

ಈ ವಿದ್ಯೆಯಲ್ಲಿ ಸರ್ಕಾರಗಳೂ ಪಳಗಿವೆ. ಹಿಮಾಚಲ ಪ್ರದೇಶದಲ್ಲಿ, ಆಸ್ತಿಯ ಹಕ್ಕು ಇನ್ನೂ ಮೂಲಭೂತ ಹಕ್ಕಾಗಿದ್ದ 1967–68ರಲ್ಲಿ, ಅಕ್ಷರ ಬಾರದ ವಿಧವೆಯೊಬ್ಬಳ ಜಮೀನನ್ನು ಸ್ವಾಧೀನದ ವಿಧಿವಿಧಾನವೂ ಪರಿಹಾರವೂ ಇಲ್ಲದೆ ರಸ್ತೆಗೆ ಸೇರಿಸಿಕೊಂಡು, ದಶಕಗಳ ನಂತರ ಆಕೆ ಕೇಳಲು ಬಂದಾಗ ಸರ್ಕಾರವು ತಾನು 42 ವರ್ಷ ಪ್ರತಿಕೂಲವಾಗಿ ಅನುಭವಿಸಿದ್ದರಿಂದ ಜಮೀನು ತನ್ನದೆಂದಿತು. ಪ್ರಜೆಯ ವಿರುದ್ಧ ವೈರಭಾವವಿತ್ತೆಂದು ಪ್ರಭುತ್ವವೇ ನ್ಯಾಯಾಲಯದಲ್ಲಿ ಹೇಳಿಕೊಂಡಿತು. ನಾಚಿಕೆ ಎಂಬುದಕ್ಕೆ ಯಾವ ಅನುಚ್ಛೇದದಲ್ಲೂ ಅವಧಿ ನಿಗದಿಯಾಗಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿ ಪರಿಹಾರ ಕೊಡಿಸುವ ವೇಳೆಗೆ ಆಕೆಗೆ 80 ವರ್ಷ.

ಕರ್ನಾಟಕದ ಬಗರ್ ಹುಕುಂ ಸಾಗುವಳಿದಾರನಿಗೆ, ಅಂದರೆ ಮಂಜೂರಾತಿಯಿಲ್ಲದೆ ಸರ್ಕಾರಿ ಜಮೀನನ್ನು ಉತ್ತು ಬದುಕುವವನಿಗೆ, ಈ ಶಾಸ್ತ್ರ ಒಲಿಯುವುದಿಲ್ಲ. ಸರ್ಕಾರದ ವಿರುದ್ಧ 1963ಕ್ಕೆ ಮೊದಲು 60 ವರ್ಷ, ಆಮೇಲೆ 30 ವರ್ಷ ಕೂರಬೇಕು. ಕೂತದ್ದು ವೈರಭಾವದಿಂದಲೇ ಆಗಿರಬೇಕು. ಅವನಾದರೋ ಸಕ್ರಮ ಮಾಡಿಕೊಡಿರೆಂದು ಮೊದಲು ನಮೂನೆ 50, ಆಮೇಲೆ 53, 2018ರ ತಿದ್ದುಪಡಿಯ ನಂತರ 57 ತುಂಬಿ, ಪ್ರತಿ ಸಲವೂ ಜಮೀನು ಸರ್ಕಾರದ್ದೆಂದು ಕೈಮುಗಿದು ಬರೆದುಕೊಟ್ಟಿದ್ದಾನೆ. ಹಾಗೆ ಒಪ್ಪಿಕೊಂಡವನಲ್ಲಿ ವೈರಭಾವವಿಲ್ಲ. ವೈರಭಾವವಿಲ್ಲದಲ್ಲಿ ಎಷ್ಟು ತಲೆಮಾರು ಉತ್ತರೂ ಹಕ್ಕು ಹುಟ್ಟುವುದಿಲ್ಲ. ಸಾಗುವಳಿ ಚೀಟಿ ಬರುವ ಮೊದಲೇ 2011ರ ಭೂಕಬಳಿಕೆ ನಿಷೇಧ ಕಾಯ್ದೆಯಡಿ ವಿಶೇಷ ನ್ಯಾಯಾಲಯದ ನೋಟಿಸು ಬಂದು, ಒಂದೆರಡು ಎಕರೆಯವರು ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಓಡಾಡಿದ್ದೂ ಉಂಟು. ಬೇಲಿ ಹಾಕಿ ಸುಮ್ಮನೆ ಕೂರುವುದನ್ನು ಬಿಟ್ಟು ಅರ್ಜಿ ಕೊಟ್ಟದ್ದೇ ತಪ್ಪಾಯಿತೇ ಎಂದು ಅವರಲ್ಲೊಬ್ಬರು ಕೇಳಿದರೆ, ಈ ಮೀಮಾಂಸೆಯ ಪ್ರಕಾರ ಉತ್ತರ ಹೌದು ಎಂದೇ.