ಜರ್ಮನಿ ಸಿಪಾಯಿಯವರು

ನಮ್ಮ ಸೀಮೆಯಲ್ಲಿ ಅಡ್ಡಹೆಸರನ್ನು ಇಡುವ ಅಧಿಕಾರವು ಅನಾದಿಯಿಂದಲೂ ನೆರೆಹೊರೆಯವರಿಗೆ ಸೇರಿದ್ದು. ಯಾವನೋ ಒಬ್ಬ ಅಜ್ಜನು ಒಂದು ಮಳೆಗಾಲದಲ್ಲಿ ಉಳ್ಳಾಗಡ್ಡಿಯ ವ್ಯಾಪಾರ ಮಾಡಿ ಕೈ ಸುಟ್ಟುಕೊಂಡನೆಂದರೆ ಅವನ ಮರಿಮಕ್ಕಳು ವಕೀಲರಾಗಲಿ, ವೈದ್ಯರಾಗಲಿ, ಉಳ್ಳಾಗಡ್ಡಿಯವರೆಂದೇ ಕರೆಯಿಸಿಕೊಳ್ಳಬೇಕು. ಮೆಣಸಿನಕಾಯಿಯವರೂ ಬೆಲ್ಲದವರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವಾಗ ಇಲ್ಲಿ ಯಾರಿಗೂ ನಗೆ ಬಾರದು. ಇಂಥ ನಾಡಿನಲ್ಲಿ, ಒಂದು ಕಾಲಕ್ಕೆ ಕೂಡಲಸಂಗಮದ ಗುಡಿಯ ಗಂಟೆ ಕೇಳುವಷ್ಟು ಸಮೀಪದಲ್ಲಿದ್ದು ಈಗ ನಾರಾಯಣಪುರದ ಹಿನ್ನೀರಿನಲ್ಲಿ ಸುಖವಾಗಿ ಪವಡಿಸಿರುವ ನಮ್ಮ ಹಳೆಯ ಊರಿನವರು ನಮ್ಮ ಮನೆತನವನ್ನು 'ಜರ್ಮನಿ ಸಿಪಾಯಿಯವರು' ಎಂದು ಕರೆಯುತ್ತಿದ್ದರು. ಏಕೆಂಬುದನ್ನು ನಾವು ಕೇಳುವ ಮೊದಲೇ ಬಲ್ಲವರೆಲ್ಲ ತೀರಿಕೊಂಡರು. ಆಮೇಲೆ ಊರು ಮುಳುಗಿತು. ಹೆಸರು ಮಾತ್ರ, ಕಂಬ-ತೊಲೆ, ಒರಳು-ಬೀಸುಕಲ್ಲುಗಳೊಡನೆ ಗಾಡಿಯೇರಿ ಹೊಸ ಊರಿಗೆ ಬಂದಿತು.

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುನಗುಂದದ ಸುತ್ತಿನ ಶಾಲೆಗಳಲ್ಲಿ ಇತಿಹಾಸವನ್ನು ಬೋಧಿಸಿ ನಿವೃತ್ತರಾದ ನಮ್ಮ ಕಾಕಾ ಅವರಿಗೂ ಈ ಹೆಸರು ಎಪ್ಪತ್ತರ ವಯಸ್ಸಿನವರೆಗೆ ಯಾವ ಬಾಧೆಯನ್ನೂ ಕೊಟ್ಟಿರಲಿಲ್ಲ. ಆದರೆ ಪೆನ್ಸಿಲ್ವೇನಿಯದಲ್ಲಿರುವ ಮಗನ ಮನೆಗೆ ಹೋಗಿ ಆರು ತಿಂಗಳಿದ್ದು ಬಂದ ಮೇಲೆ ಅವರು ಮೊದಲಿನ ಕಾಕಾ ಆಗಿ ಉಳಿಯಲಿಲ್ಲ. ಅಲ್ಲಿಯ ನೆರೆಮನೆಯ ವೃದ್ಧನೊಬ್ಬನು ತನ್ನ ವಂಶದ ಮೂಲಪುರುಷನು ಹೆಸ್ಸೆಯ ಸಿಪಾಯಿಯೆಂದು ಪಟ ಬರೆಯಿಸಿ ಗೋಡೆಗೆ ತೂಗಹಾಕಿದ್ದನಂತೆ. ಹೆಸ್ಸೆ-ಕಾಸೆಲ್ ಮೊದಲಾದ ಜರ್ಮನ್ ಸಂಸ್ಥಾನಗಳ ಒಡೆಯರು, ನಮ್ಮಲ್ಲಿ ಉಳುಮೆಗೆ ಎತ್ತುಗಳನ್ನು ಬಾಡಿಗೆಗೆ ಕೊಡುವಂತೆ, ತಮ್ಮ ಪ್ರಜೆಗಳನ್ನು ಇಂಗ್ಲೆಂಡಿನ ಮೂರನೆಯ ಜಾರ್ಜನಿಗೆ ಬಾಡಿಗೆಗೆ ಕೊಟ್ಟುದೂ, ಹೀಗೆ ಅಮೆರಿಕದ ಯುದ್ಧಕ್ಕೆ ಹೋದ ಸುಮಾರು 30,000 ಸಿಪಾಯಿಗಳಲ್ಲಿ ಸಾವಿರಾರು ಮಂದಿ ಅಲ್ಲಿಯೇ ಹೊಲ ಹಿಡಿದು ಸಂಸಾರವಂದಿಗರಾದುದೂ ಚರಿತ್ರೆಯಲ್ಲಿ ಪ್ರಸಿದ್ಧವಾಗಿಯೇ ಇವೆ. ಕಾಕಾ ಅವರಿಗೆ ಆ ಪಟವನ್ನು ಕಂಡು ನಿದ್ರೆ ಹೋಯಿತು.

"ತಮ್ಮಾ, ಅಂವಾ ತನ್ನ ಸಿಪಾಯಿನ್ನ ಹುಡುಕಲಿಕ್ಕೆ ಇಪ್ಪತ್ತು ವರ್ಷ ದಫ್ತರ ತಿರುವಿ ಹಾಕ್ಯಾನ. ನಮ್ಮ ಸಿಪಾಯಿ ಅಡ್ಡಹೆಸರಿನ್ಯಾಗ ಬಂದು ಕುಂತಾನ; ನಾವು ಕಣ್ಣೆತ್ತಿ ನೋಡಿಲ್ಲ" ಎಂದು ಅವರು ನನ್ನೊಡನೆ ಬಹಳ ನೊಂದು ನುಡಿದರು. ತೀರಿಹೋದ ನಮ್ಮ ದೊಡ್ಡ ಸೋದರತ್ತೆಗೆ ಬೆಕ್ಕುಗಣ್ಣು ಇದ್ದುದು ಅವರ ದೃಷ್ಟಿಯಲ್ಲಿ ಶಾಸನಕ್ಕೆ ಸಮಾನವಾದ ಪ್ರಮಾಣವಾಗಿತ್ತು.

ಮೊದಲು ಸಿಕ್ಕವರು ಹ್ಯಾನೋವರಿನವರು. ಅದೇ ಮೂರನೆಯ ಜಾರ್ಜನು ಹ್ಯಾನೋವರಿಗೂ ಒಡೆಯನಾಗಿದ್ದುದರಿಂದ ಅಲ್ಲಿಯ ಎರಡು ರೆಜಿಮೆಂಟುಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಎರವಲಾಗಿ ಕೊಟ್ಟನು. ಅವು 1782ರಲ್ಲಿ ಮದರಾಸಿಗೆ ಬಂದು 1783ರ ಜೂನಿನಲ್ಲಿ ಕಡಲೂರಿನ ಬಳಿ ಫ್ರೆಂಚರೊಡನೆ ಕಾದಿದುವು. ಕಡಲೂರು ಪೂರ್ವಸಮುದ್ರದ ದಂಡೆಯಲ್ಲಿದೆ, ಕೃಷ್ಣಾ-ಮಲಪ್ರಭೆಯರ ಸಂಗಮಕ್ಕೂ ಅದಕ್ಕೂ ಎತ್ತಣಿಂದೆತ್ತಣ ಸಂಬಂಧವೆಂದು ನಾನು ಬಿನ್ನವಿಸಿದೆನು. "ದಾರಿ ತಪ್ಪಿದಾಂವ ಇಂಥಲ್ಲೇ ಹೋಗಬೇಕಂತ ಕಾನೂನು ಐತೇನು?" ಎಂದರು. ಇತಿಹಾಸದ ಅಧ್ಯಾಪಕರು ನಿವೃತ್ತರಾದ ಮೇಲೆ ಇತಿಹಾಸಕ್ಕೂ ನಿವೃತ್ತಿಯಾಗುತ್ತದೆಯೆಂದು ತೋರುತ್ತದೆ.

ಬಳಿಕ ನಾವಿಬ್ಬರೂ ಶ್ರೀರಂಗಪಟ್ಟಣದ ಯಾತ್ರೆಯನ್ನು ಕೈಕೊಂಡೆವು. ಡಿ ಮ್ಯೂರನ್ ಎಂಬ ಸ್ವಿಸ್ ಪ್ರಭುವು 1781ರಲ್ಲಿ ಡಚ್ ಕಂಪನಿಗಾಗಿ ಕಟ್ಟಿದ, ಸ್ವಿಸ್ಸರೊಡನೆ ಜರ್ಮನರೂ ಸೇರಿಕೊಂಡಿದ್ದ ರೆಜಿಮೆಂಟು ಸಿಂಹಳದಲ್ಲಿದ್ದಾಗ 1795ರಲ್ಲಿ ಡಚ್ಚರನ್ನು ಬಿಟ್ಟು ಇಂಗ್ಲಿಷರ ಸಂಬಳಕ್ಕೆ ನಿಂತು 1799ರ ಮುತ್ತಿಗೆಯಲ್ಲಿ ಪಾಲುಗೊಂಡಿತು. ಅದರವರ ಗೋರಿಗಳು ಕಾವೇರಿಯ ತೀರದ ಗ್ಯಾರಿಸನ್ ಸ್ಮಶಾನದಲ್ಲಿವೆ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಕಾಕಾ ಅವರು ತಲೆಗೆ ಟವೆಲ್ಲು ಸುತ್ತಿಕೊಂಡು, ಒಂದೊಂದು ಕಲ್ಲಿನ ಮುಂದೆಯೂ ಕುಕ್ಕರಗಾಲಿನಲ್ಲಿ ಕುಳಿತು, ಬೀಗರ ಮನೆಯಲ್ಲಿ ಕನ್ಯೆಯನ್ನು ನೋಡುವವರ ಗಾಂಭೀರ್ಯದಿಂದ ಅಕ್ಷರಗಳನ್ನು ತಡವುತ್ತ ಸಾಗಿದರು. ನಾನು ಬೇವಿನ ನೆರಳಿನಲ್ಲಿ ಕುಳಿತು ಸೌತೆಕಾಯಿ ತಿಂದೆನು. "ಇಲ್ಲಿ ಸತ್ತವರಷ್ಟ ಅದಾರ" ಎಂದು ಅವರು ಕೊನೆಗೆ ಬೇಸರಪಟ್ಟುಕೊಂಡರು, "ನಮ್ಮಾಂವ ಜೀವಂತ ಪಾರಾದಾಂವ."

ನಿಜವಾಗಿ ಜರ್ಮನರು ಬೇಕಾಗಿದ್ದರೆ ಇಷ್ಟು ದೂರ ಅಲೆಯಬೇಕಾಗಿರಲಿಲ್ಲ. ಗುಳೇದಗುಡ್ಡಕ್ಕೆ ಹೋದರೆ ಸಾಕಾಗಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ನಿನವರು, ಬಹುತರ ವ್ಯುರ್ಟೆಂಬರ್ಗಿನ ರೈತ ಮತ್ತು ಕುಶಲಕರ್ಮಿಗಳ ಮನೆಗಳಿಂದ ಬಂದವರು, 1834ರಲ್ಲಿ ಮಂಗಳೂರಿಗೆ ಕಾಲಿಟ್ಟು, ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳನ್ನು ಹಾಯ್ದು 1851ರಲ್ಲಿ ಖಣ ನೇಯುವ ಆ ಊರಿನಲ್ಲಿ ಠಾಣೆ ಹೂಡಿದರು. ಅವರ ಬಳಗದವನೇ ಆದ ಕಿಟೆಲ್ ಎಂಬ ಪುಣ್ಯಾತ್ಮನು 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ ಕೋಶವನ್ನು ಕೊಟ್ಟನಲ್ಲ, ಅವನೊಬ್ಬನನ್ನು ಅಜ್ಜನೆಂದುಕೊಂಡರೆ ಸಾಲದೇ ಎಂದು ಕೇಳಿದೆನು. ಕಾಕಾ ಒಪ್ಪಲಿಲ್ಲ. ಪಾದ್ರಿ ಬೇಡ, ಸಿಪಾಯಿಯೇ ಬೇಕು. 1914ರ ಯುದ್ಧಕಾಲದಲ್ಲಿ ಸರಕಾರವು ಈ ಪಾದ್ರಿಗಳಲ್ಲಿ ಅನೇಕರನ್ನು ಶತ್ರುಪ್ರಜೆಗಳೆಂದು ಹಿಡಿದು ಅಹಮದನಗರದ ಶಿಬಿರದಲ್ಲಿ ಕೂಡಿಹಾಕಿತೆಂದು ತಿಳಿದಾಗ ಮಾತ್ರ, ಬೈಬಲ್ಲು ಹಿಡಿದವರನ್ನು ಸರಕಾರವೇ ಸಿಪಾಯಿಗಳ ಲೆಕ್ಕದಲ್ಲಿ ಹಿಡಿದ ಮೇಲೆ ನಾವೇಕೆ ಹಿಡಿಯಬಾರದೆಂದು ಎರಡು ದಿನ ಯೋಚಿಸಿ, ಕಡೆಗೆ ಕೈಬಿಟ್ಟರು.

ಇಷ್ಟರೊಳಗೆ ಕಾಕಾ ಅವರ ಸಂಶೋಧನೆಯು ಸಂಗಮದ ಸೋಪಾನಗಳವರೆಗೂ ಬಂದಿತ್ತು. ಅಮಾವಾಸ್ಯೆಗೆ ಸ್ನಾನಕ್ಕೆ ಬಂದ ಮುದುಕರನ್ನೆಲ್ಲ ತಡೆದು, ಐಕ್ಯಮಂಟಪದ ಮೆಟ್ಟಿಲುಗಳನ್ನು ಹತ್ತಿ ಏದುತ್ತಿರುವವರನ್ನೂ ಬಿಡದೆ, "ನೀವು ಯಾರ ಪೈಕಿ? ನಿಮ್ಮ ಹಿರಿಯರು ಎಲ್ಲಿಯವರು? ನಮ್ಮ ಮನೆತನದ ಮೂಲ ಏನರೆ ಕೇಳೀರೇನು?" ಎಂದು ಪೀಡಿಸುತ್ತಿದ್ದರು. ಯಾರನ್ನೂ ಯಾವ ಪ್ರಶ್ನೆ ಕೇಳಬಾರದೆಂದು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಅಪ್ಪಣೆ ಕೊಡಿಸಿದ್ದರೋ ಆ ಪ್ರಶ್ನೆಯನ್ನೇ, ಅವರು ಐಕ್ಯರಾದ ಸ್ಥಳದ ಬಾಗಿಲಲ್ಲಿ ನಿಂತು, ವಿಭೂತಿ ಧರಿಸಿದ ಹಣೆಯಿಂದ ಕೇಳುತ್ತಿದ್ದುದನ್ನು ಕಂಡು ನಾನು ಹೊಳೆಯ ಕಡೆಗೆ ಮುಖ ತಿರುಗಿಸಿಕೊಳ್ಳುತ್ತಿದ್ದೆನು.

ಸುಗ್ಗಿ ಮುಗಿದಿತ್ತು. ಒಂದು ಮುಂಜಾನೆ ಹೆಳವನು ಬಂದನು. ಮನೆತನಗಳ ತಲೆಮಾರುಗಳನ್ನು ಕೊಂಡಾಡುತ್ತ ಊರೂರು ತಿರುಗುವ ಹೆಳವರನ್ನು ಉತ್ತರ ಕರ್ನಾಟಕದವರಿಗೆ ಪರಿಚಯಿಸಿಕೊಡಬೇಕಾಗಿಲ್ಲ. ಇವನ ತಂದೆಯು ಗಂಟೆ ಕಟ್ಟಿದ ಎತ್ತಿನ ಮೇಲೆ ಬರುತ್ತಿದ್ದನು, ಇವನು ಮೋಟಾರು ಸೈಕಲ್ಲಿನ ಮೇಲೆ ಬಂದನು, ಪುಸ್ತಕವು ಮಾತ್ರ ಅದೇ ಕೆಂಪು ಅರಿವೆಯಲ್ಲಿ ಸುತ್ತಿದ್ದಿತು. ಅಮೆರಿಕ, ಕಡಲೂರು, ಶ್ರೀರಂಗಪಟ್ಟಣಗಳನ್ನು ಜಾಲಾಡಿದ ನಮಗೆ, ನಮ್ಮದೇ ಕಟ್ಟೆಗೆ ಬಂದು ಕುಳಿತುಕೊಳ್ಳುವ ಈ ಗ್ರಂಥಭಂಡಾರವು ನೆನಪಾಗದೆ ಹೋದುದು ಹೇಗೋ!

ಅವನು ಹಾಳೆಗಳನ್ನು ತಿರುವಿ, ರಾಗವಾಗಿ ಏಳು ತಲೆಗಳನ್ನು ಇಳಿದುಬಂದನು. 1876ರ ದೊಡ್ಡ ಬರದಲ್ಲಿ ಒಂಟಿ ಎತ್ತಿನೊಡನೆ ಬಾದಾಮಿಯ ಕಡೆಯಿಂದ ಬಂದವನೊಬ್ಬ. ಅವನ ಮಗ ಒಬ್ಬ. ಕಾಕಾ ಅವರು ಸಹನೆಗೆಟ್ಟು ನಡುವೆಯೇ ಬಾಯಿ ಹಾಕಿದರು: "ಆ ಜರ್ಮನಿ ಸಿಪಾಯಿ ಯಾವ ತಲ್ಯಾಗ ಬರತಾನೋ?"

"ಇಂವನ ಅಲ್ರೀ ಯಜಮಾನ್ರ, ನಿಮ್ಮ ಮುತ್ಯಾನ ಅಪ್ಪ! ತಲಿ ಮ್ಯಾಲ ಜರ್ಮನಿ ಭಾಂಡೆ ಹೊತ್ತು ಅಮೀನಗಡ, ಇಳಕಲ್ಲ, ಹುನಗುಂದದ ಸಂತಿ ತಿರಗತಿದ್ದ. ಸಂತ್ಯಾಗ ಯಾವುದೋ ಹಳೇ ದಂಡಿನ ಕೋಟು ಅಗ್ಗಕ್ಕ ಸಿಕ್ಕಿತ್ತು. ಬ್ಯಾಸಿಗ್ಯಾಗೂ ಬಿಚ್ಚತಿದ್ದಿಲ್ಲ ಅಂತ ನಮ್ಮಪ್ಪ ಹೇಳತಿದ್ದ."

ಅಲ್ಯೂಮಿನಿಯಮ್ಮಿಗೆ ನಮ್ಮ ಹೆಂಗಸರು ಇಂದಿಗೂ ಜರ್ಮನಿಯೆಂದೇ ಹೇಳುತ್ತಾರೆ. ಮದರಾಸಿನ ಕಲಾಶಾಲೆಯಲ್ಲಿ ಚಾಟರ್ಟನ್ ಎಂಬ ಇಂಗ್ಲಿಷನು 1898ರ ಸುಮಾರಿಗೆ ಆ ಲೋಹದ ಪಾತ್ರೆಗಳನ್ನು ಮಾಡಿಸಲಾರಂಭಿಸಿದನು. ತಾಮ್ರ-ಹಿತ್ತಾಳೆಗಳನ್ನು ಕೊಳ್ಳಲಾರದ ಬಡವರ ಒಲೆಗಳನ್ನು ಅದು ಬಹುಬೇಗನೆ ಗೆದ್ದಿತು. ಹೊಳೆಯುವ ಅಗ್ಗದ ಪರದೇಶಿ ಲೋಹಕ್ಕೆಲ್ಲ ಜರ್ಮನಿಯೆಂಬ ಹೆಸರು ಸಲ್ಲುತ್ತಿದ್ದಿರಬೇಕು. ಜರ್ಮನ್ ಸಿಲ್ವರಿನಲ್ಲಿಯೂ ತಾಮ್ರ, ಸತು, ನಿಕ್ಕಲುಗಳಲ್ಲದೆ ಗುಂಜಿಯಷ್ಟು ಬೆಳ್ಳಿಯಿಲ್ಲ.

ಕಾಕಾ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಚಿಗವ್ವನು ಹೆಳವನಿಗೆಂದು ಹಳೆಯ ಜರ್ಮನಿ ಬೋಗೋಣಿಯಲ್ಲಿ ಜೋಳ ತಂದು ಅವನ ಚೀಲಕ್ಕೆ ಸುರಿದಳು. ಒಮ್ಮೆಲೆ ಕಾಕಾ ಅವರ ಕಣ್ಣುಗಳು ಅರಳಿದುವು. "ತಾ ಇಲ್ಲೆ!" ಎಂದು ಆ ಬೋಗೋಣಿಯನ್ನು ಕಸಿದುಕೊಂಡು, ಬೋರಲು ಹಾಕಿ, ಒಲೆಯ ಬೂದಿ ತರಿಸಿ, ಕಂಠದ ಕೆಳಗೆ ಕೊರೆದಿದ್ದ ಅಕ್ಷರಗಳ ಮೇಲಿನ ತಲೆಮಾರುಗಳ ಮಸಿಯನ್ನು ಉಜ್ಜತೊಡಗಿದರು. ಸಿಪಾಯಿಯಲ್ಲದಿದ್ದರೂ ಸಿಪಾಯಿಯ ಕೈಬರಹವಾದರೂ ಸಿಕ್ಕೀತೆಂಬ ಆಸೆ. ಹೆಳವನೂ ನಾನೂ ಬಗ್ಗಿ ನೋಡಿದೆವು. ಮೊದಲು ಒಂದು ಕೊಂಬು, ಆಮೇಲೆ ಒಂದು ಸೊನ್ನೆ, ಹೀಗೆ ಚುಕ್ಕೆಚುಕ್ಕೆಯಾಗಿ ಹೆಸರು ಮೂಡಿಬಂದಿತು. ಅದು ಎದುರುಮನೆಯ ಉಳ್ಳಾಗಡ್ಡಿಯವರದು.

"ಸುಮ್ಮ ಒಳಗ ಕೊಡ್ರಿ ಅದನ್ನ" ಎಂದಳು ಚಿಗವ್ವ, ದನಿ ತಗ್ಗಿಸಿ. "ಮದಿವ್ಯಾಗ ತಂದಿದ್ದು, ಕೊಟ್ಟಿಲ್ಲ. ಅವರು ಕಟ್ಟಿ ಮ್ಯಾಲ ಕುಂತು ಇತ್ತಾಗ ನೋಡಾಕತ್ತಾರ."