ತಟ್ಟುಮೀಮಾಂಸೆ

ನಡೆಯುತ್ತಿದ್ದ ಯಂತ್ರ ನಿಂತರೆ ಮನುಷ್ಯನ ಅಂಗೈ ಯಾರನ್ನೂ ಕೇಳದೆ ಅದರ ಮೇಲೆ ಬೀಳುತ್ತದೆ. ಟಿವಿಯ ನೆತ್ತಿ, ರೇಡಿಯೋದ ಬೆನ್ನು, ರಿಮೋಟಿನ ಬುಡ, ಮಿಕ್ಸಿಯ ಪಕ್ಕೆ ಎಂಬ ನಾಲ್ಕು ಪ್ರಸಿದ್ಧ ಮರ್ಮಸ್ಥಾನಗಳಿಗೆ ಬೀಳುವ ಈ ಪೆಟ್ಟನ್ನು ಹಿಂದಿನವರು ಸಿಟ್ಟಿನ ಲೆಕ್ಕಕ್ಕೆ ಬರೆದು ಕೈತೊಳೆದುಕೊಂಡರು. ಅದೊಂದು ಸ್ವತಂತ್ರ ಶಾಸ್ತ್ರವೆಂದೂ, ಅದರ ಆದಿಪೀಠ ತುಮಕೂರು ಸೀಮೆಯೆಂದೂ, ಈಗ ದೆಹಲಿಯ ತನಕ ಕೇಳಿಬರುತ್ತಿರುವ ರಿಪೇರಿ ಹಕ್ಕು ಅದರದೇ ಒಂದು ಮರಿಶಾಖೆಯೆಂದೂ ಸ್ಥಾಪಿಸುವುದು ಈ ಪ್ರಬಂಧದ ಉದ್ದೇಶ. ಮೊದಲು ವ್ಯುತ್ಪತ್ತಿ. ತುಮಕೂರಿನ ಹೆಸರು ತುಂಬೆ ಹೂವಿನಿಂದ ಬಂತೆಂದು ಒಂದು ಪಕ್ಷ, ತಮಟೆಯಿಂದ ಬಂತೆಂದು ಇನ್ನೊಂದು. ತುಂಬೆಗೆ ತಟ್ಟಿದರೆ ಹೂವು ಉದುರುತ್ತದೆ, ತಮಟೆಗೆ ತಟ್ಟಿದರೆ ನುಡಿಯುತ್ತದೆ. ಫಲ ಕಾಣಿಸುವ ಪಕ್ಷವೇ ಸಾಧುವಾದ್ದರಿಂದ ತಮಟೆಯೇ ಗಟ್ಟಿ. ಊರ ಸೆರಗಿನ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯೂ ಇದೇ ಧಾತುವಿನದೆಂದು ವಾದಿಸುವ ಆಸೆಯಿತ್ತು. ಸಾಕ್ಷ್ಯ ಇಡ್ಲಿಗಿಂತ ಮೆತ್ತಗಿರುವುದರಿಂದ ಕೈಬಿಟ್ಟಿದೆ. ಇನ್ನು ಸಿದ್ಧಾಂತ: ಒಂದು ವಸ್ತು ಕೆಟ್ಟಾಗ ಯಾರ ತಟ್ಟಿಗೆ ಓಗೊಡುತ್ತದೋ ಅವರೇ ಅದರ ಒಡೆಯರು. ಅಂಗಡಿಯ ರಸೀದಿ ಗೌಣಪ್ರಮಾಣ.

ತಟ್ಟಿದರೆ ಸರಿಹೋಗುವುದು ಮೂಢನಂಬಿಕೆ ಎನ್ನುವವರು ಪ್ರತ್ಯಕ್ಷಪ್ರಮಾಣವನ್ನೇ ಅಲ್ಲಗಳೆಯುತ್ತಾರೆ. ಹಳೆಯ ಟಿವಿಯ ಬೋರ್ಡಿನಲ್ಲಿ ಬೆಸುಗೆ ಬಿಸಿಗೆ ಹಿಗ್ಗಿ, ತಂಪಿಗೆ ಕುಗ್ಗಿ, ಕೊನೆಗೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಪೆಟ್ಟು ಬಿದ್ದಾಗ ಬಿರುಕಿನ ಎರಡು ದಡ ಕೂಡಿಕೊಂಡು ಚಿತ್ರ ಬರುತ್ತದೆ. ರಿಮೋಟಿನ ಸೆಲ್ಲು ತಾಗುವ ಸ್ಪ್ರಿಂಗಿನ ಮೇಲೆ ಕಿಲುಬು ಕಟ್ಟಿರುತ್ತದೆ. ತಟ್ಟಿದಾಗ ಸೆಲ್ಲು ಅಲುಗಿ ಕಿಲುಬು ಉಜ್ಜಿಹೋಗುತ್ತದೆ. ಇವೆರಡೂ ಹಸ್ತತಟ್ಟು. ದಂಡತಟ್ಟಿಗೆ ಉತ್ತಮ ಉದಾಹರಣೆ, ಸ್ವಿಚ್ ಹಾಕಿದರೂ ಗುಂಯ್ ಎಂದು ನಿಂತೇ ಇರುವ ಸೀಲಿಂಗ್ ಫ್ಯಾನಿನ ರೆಕ್ಕೆಯನ್ನು ಕೋಲಿನಿಂದ ತಳ್ಳುವುದು. ಸಿಂಗಲ್ ಫೇಸಿನ ಮೋಟಾರಿಗೆ ತಾನಾಗಿ ಹೊರಡುವ ಶಕ್ತಿಯಿಲ್ಲ. ಮೊದಲ ನೂಕು ಕೊಡುವುದು ಕೆಪಾಸಿಟರಿನ ಕೆಲಸ. ಕೆಪಾಸಿಟರ್ ಸೊರಗಿದಾಗ ಆ ಹುದ್ದೆಗೆ ಮನೆಯ ಜೇಡರಬಲೆ ಕೋಲು ಹಂಗಾಮಿಯಾಗಿ ನೇಮಕವಾಗುತ್ತದೆ. ಕೋಲು ಹಿಡಿದವರಿಗೆ ಈ ವಿವರ ತಿಳಿಯದಿರಬಹುದು. ವ್ಯಾಕರಣ ಓದದವರೂ ವಿಭಕ್ತಿ ತಪ್ಪದೆ ಮಾತಾಡುತ್ತಾರಲ್ಲ. ಖಾಯಂ ನೇಮಕಾತಿ ಬೇಕೆಂದರೆ ನೂರು ರೂಪಾಯಿಯೊಳಗೆ ಹೊಸ ಕೆಪಾಸಿಟರ್ ಸಿಗುತ್ತದೆ, ಎರಡು ಸ್ಕ್ರೂ ಬಿಚ್ಚಿದರೆ ಕೆಲಸ ಮುಗಿಯಿತು. ಅಂದರೆ ತಟ್ಟು ರಿಪೇರಿಯ ವಿರೋಧಿಯಲ್ಲ, ಅದರ ಮಂಗಳಾಚರಣೆ.

ಒಡೆತನದ ಸೂತ್ರಕ್ಕೆ ತುಮಕೂರೇ ಒದಗಿಸಿದ ದೊಡ್ಡ ಸಾಕ್ಷಿ ಎಚ್‌ಎಂಟಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡತೊಡಗಿದ ಈ ಸಂಸ್ಥೆ ಮುಂದೆ ತುಮಕೂರಿನಲ್ಲೂ ಕಾರ್ಖಾನೆ ತೆರೆಯಿತು. ‘ಜನತಾ’ ಎಂಬ ಅದರ ಗಡಿಯಾರಕ್ಕೆ ಸೆಲ್ಲಿಲ್ಲ, ಚಾರ್ಜರಿಲ್ಲ. ಬೆಳಿಗ್ಗೆ ಹೆಬ್ಬೆರಳು ತೋರುಬೆರಳು ಸೇರಿ ಕೀ ಕೊಟ್ಟರೆ ನಾಳೆ ಬೆಳಗಿನವರೆಗೆ ನಡೆಯುತ್ತದೆ; ಅದರ ಇಂಧನ ಹಿಂದಿನ ರಾತ್ರಿ ಉಂಡ ಮುದ್ದೆ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು, ತುಮಕೂರಿನ ಜಾಗ ಇಸ್ರೋ ಪಾಲಾಯಿತು. ಗಡಿಯಾರಗಳಿಗೆ ಮಾತ್ರ ಈ ಸುದ್ದಿ ಮುಟ್ಟಲಿಲ್ಲ. ಹಿಂಬದಿಯ ಮುಚ್ಚಳ ತೆಗೆದು, ಎಣ್ಣೆಬಿಟ್ಟು, ಸ್ಪ್ರಿಂಗ್ ಬದಲಿಸಬಲ್ಲ ಕೈಗಳು ಇರುವ ತನಕ ಅವು ತಂದೆಯಿಲ್ಲದ ಮಕ್ಕಳ ಹಾಗೆ ಗಟ್ಟಿಯಾಗಿಯೇ ಬದುಕಿವೆ. ಇಂದಿನ ಸ್ಮಾರ್ಟ್ ವಾಚಿನಲ್ಲಿ ಕ್ರಮ ತಿರುವುಮುರುವು: ತಯಾರಕರು ಸುಖವಾಗಿರುತ್ತಾರೆ, ಗಡಿಯಾರ ತೀರಿಕೊಂಡಿರುತ್ತದೆ. ಅಂಟಿನಿಂದ ಮುಚ್ಚಿದ ಡಬ್ಬಿಯೊಳಗೆ ಬ್ಯಾಟರಿ ಸೋತಿತೆಂದರೆ ಎಷ್ಟು ತಟ್ಟಿದರೂ ಅದು ಹೇಳುವ ಸಮಯ ಒಂದೇ, ಹೊಸದು ಕೊಳ್ಳುವ ಸಮಯ.

ಇಲ್ಲಿಂದ ಇದೇ ಜಿಲ್ಲೆಯ ಗುಬ್ಬಿಗೆ ಹೋಗಬೇಕು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂಬ ನಾಣ್ಣುಡಿ ಆ ಊರಿನದಲ್ಲವೆಂದು ಪಂಡಿತರು ತಕರಾರು ತೆಗೆಯಬಹುದು, ಆದರೆ ಸರ್ವಿಸ್ ಸೆಂಟರಿನ ನಡವಳಿಕೆಗೆ ಇದಕ್ಕಿಂತ ಅಚ್ಚುಕಟ್ಟಾದ ಲಕ್ಷಣವಾಕ್ಯ ಸಿಗಲಾರದು. ವಾಷಿಂಗ್ ಮೆಷಿನ್ನಿನಲ್ಲಿ ಹೋಗಿರುವುದು ಹತ್ತಿಪ್ಪತ್ತು ರೂಪಾಯಿಯ ಒಂದು ರಿಲೇ. ಪ್ರಯೋಗವಾಗುವುದು ‘ಪಿಸಿಬಿ ಪೂರ್ತಿ ಬದಲಾಯಿಸಬೇಕು ಸಾರ್’ ಎಂಬ ಅಸ್ತ್ರ. ಕೆಲವು ಫೋನುಗಳಲ್ಲಿ ಪರದೆಗೂ ಮದರ್‌ಬೋರ್ಡಿಗೂ ನಂಬರು ಹೊಂದಿಸಿ ಲಗ್ನಮಾಡಿರುತ್ತಾರೆ. ಅದೇ ಕಂಪನಿಯ, ಅದೇ ಮಾದರಿಯ ಬೇರೆ ಫೋನಿನ ಪರದೆ ತಂದು ಹಾಕಿದರೂ ಗೋತ್ರ ಕೇಳುತ್ತದೆ. ಈ ಕಾಲದ ಯಂತ್ರಗಳು ಬಲು ಸೂಕ್ಷ್ಮ, ಕಂಡಕಂಡವರು ಬಿಚ್ಚುವಂಥವಲ್ಲ ಎಂಬುದು ಇದಕ್ಕೆ ಕೊಡುವ ಸಮರ್ಥನೆ. ಪೂರ್ವಪಕ್ಷ ಬಲವಾದದ್ದೇ, ಆದರೆ ಅದಕ್ಕೆ ಉತ್ತರವೂ ಗುಬ್ಬಿ ತಾಲ್ಲೂಕಿನಲ್ಲೇ ಇದೆ. ಅಲ್ಲಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಹೆಲಿಕಾಪ್ಟರಿನಷ್ಟು ಸೂಕ್ಷ್ಮವಾದ ಯಂತ್ರ ಆ ಸುತ್ತಿನಲ್ಲಿ ಇನ್ನೊಂದಿಲ್ಲ. ಅದನ್ನು ಇಂತಿಷ್ಟು ಗಂಟೆ ಹಾರಿದ ಮೇಲೆ ಬಿಚ್ಚಲೇಬೇಕು, ನೋಡಲೇಬೇಕು, ಸವೆದ ಭಾಗ ಬದಲಿಸಲೇಬೇಕು. ಯಾವ ಬೋಲ್ಟಿಗೆ ಎಷ್ಟು ಬಿಗಿ ಎಂಬುದಕ್ಕೂ ಕೈಪಿಡಿಯಿದೆ. ಆಕಾಶದಲ್ಲಿ ಹಾರುವುದನ್ನು ಬಿಚ್ಚಬಹುದು, ಕಿವಿಯಲ್ಲಿ ಸಿಕ್ಕಿಸಿಕೊಳ್ಳುವ ಇಯರ್‌ಬಡ್ ಬಿಚ್ಚಬಾರದು ಎಂದರೆ ಬಿಚ್ಚಲಾಗದಿರುವುದಕ್ಕೆ ಕಾರಣ ಸೂಕ್ಷ್ಮತೆಯಾಗಿರಲಾರದು. ಅಂಟು ಯಾರು ಹಚ್ಚಿದರೋ ಅವರ ಲೆಕ್ಕದ ಪುಸ್ತಕದಲ್ಲಿ ಹುಡುಕಬೇಕು.

ಎರಡನೆಯ ಆಕ್ಷೇಪ ವಿದ್ಯುತ್ತಿನದು, ಇದಕ್ಕೆ ಕುಣಿಗಲ್ಲೇ ಸರಿಯಾದ ವೇದಿಕೆ. ಹಳೆಯದನ್ನು ತಟ್ಟಿತಟ್ಟಿ ನಡೆಸಿದರೆ ಕರೆಂಟು ಪೋಲಾಗುತ್ತದೆ, ಹೊಸದು ಮಿತವ್ಯಯಿ ಎನ್ನುತ್ತಾರೆ. ಲೆಕ್ಕ ಹಾಕೋಣ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಟಿಪ್ಪುವಿನ ಕಾಲದಿಂದ ಕುದುರೆಗೆ ಹೆಸರಾದ ಕುಣಿಗಲ್ಲಿನ ಒಂದು ಕುದುರೆ 75 ವ್ಯಾಟಿನ ಹಳೆಯ ಫ್ಯಾನುಗಳನ್ನು ಹತ್ತರ ಮಟ್ಟಿಗೆ ತಿರುಗಿಸಬಲ್ಲದು. 30 ವ್ಯಾಟಿನ ಹೊಸ ಬಿಎಲ್‌ಡಿಸಿ ಫ್ಯಾನಾದರೆ ಇಪ್ಪತ್ತನಾಲ್ಕು. (ರೇಸಿಗೆ ಹುಟ್ಟಿದ ಕುದುರೆ ಗಾಳಿ ಬೀಸಲು ಒಪ್ಪೀತೇ ಎಂಬುದು ಅಶ್ವಶಾಸ್ತ್ರದ ವಿಷಯ.) ದಿನಕ್ಕೆ ಹತ್ತು ಗಂಟೆ ತಿರುಗಿದರೆ ವರ್ಷಕ್ಕೆ 164 ಯೂನಿಟ್ ಉಳಿತಾಯ, ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಸಾವಿರದ ಹತ್ತಿರ. ಇದನ್ನು ಒಪ್ಪದಿರುವುದು ಹಟಮಾರಿತನವಾದೀತು, ಒಪ್ಪಿದ್ದೇನೆ. ಆದರೆ ವರ್ಷದುದ್ದಕ್ಕೂ ಉಳಿಸಿದ ಈ ಫ್ಯಾನಿನ ತಲೆಯೊಳಗೂ ಒಂದು ಬೋರ್ಡಿದೆ. ವಾರಂಟಿ ಮುಗಿದ ಮೇಲಿನ ಮೊದಲ ಸಿಡಿಲಿಗೆ ಅದು ಹೋಗಿ, ಬಿಡಿಭಾಗ ಸಿಗದೆ ಇಡೀ ಫ್ಯಾನು ಗುಜರಿಗೆ ಬಿದ್ದರೆ ಉಳಿತಾಯವೂ ಅದರ ಜೊತೆ ಕೆಜಿ ಲೆಕ್ಕದಲ್ಲಿ ಹೋಗುತ್ತದೆ. ಮಿತವ್ಯಯಕ್ಕೆ ಬೇಕಾದದ್ದು ಒಳ್ಳೆಯ ಮೋಟಾರು. ಬಿಚ್ಚಲಾಗದ ಮುಚ್ಚಳ ಒಂದು ಯೂನಿಟ್ಟನ್ನೂ ಉಳಿಸುವುದಿಲ್ಲ. ಫೋನಿನ ವಿಷಯದಲ್ಲಂತೂ ಆಕ್ಷೇಪವೇ ತಿರುಗಿ ಬೀಳುತ್ತದೆ: ಅದರ ಆಯುಷ್ಯದ ಇಂಗಾಲದ ಬಹುಪಾಲು ಅದನ್ನು ತಯಾರಿಸುವಾಗಲೇ ಖರ್ಚಾಗಿರುತ್ತದೆ, ಚಾರ್ಜು ಮಾಡುವಾಗಿನದು ಅಲ್ಪ. ಇನ್ನೆರಡು ವರ್ಷ ನಡೆಸಿದವರೇ ಅಲ್ಲಿ ಮಿತವ್ಯಯಿಗಳು.

ಬಿಲ್ಲಿನ ಆಸೆ ತೋರಿಸಿ ಹೊಸದು ಮಾರುವವರಿಗೆ ಕರ್ನಾಟಕದಲ್ಲಿ ಇನ್ನೊಂದು ತೊಡಕೂ ಇದೆ. 2023ರಲ್ಲಿ ಗೃಹಜ್ಯೋತಿ ಶುರುವಾದಾಗ 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್ಟಿನೊಳಗೆ ಉಚಿತವೆಂದು ಗೊತ್ತುಮಾಡಿದರು. ಆ ವರ್ಷ ಮುದಿಫ್ಯಾನನ್ನು ಕೋಲಿನಿಂದ ತಟ್ಟಿ ತಿರುಗಿಸಿದವರ ಸರಾಸರಿ ಪುಷ್ಟಿಯಾಗಿ ಬೆಳೆಯಿತು, ದೀಪ ಆರಿಸಿ ಕೂತವರದು ಬಡವಾಯಿತು. ಹೊಲದಲ್ಲಿ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಕುದುರೆ ಹತ್ತಿದ್ದರೂ ಹುಲ್ಲು ಸರ್ಕಾರದ್ದು. ವೋಲ್ಟೇಜ್ ಕುಸಿದು ಕಾಯಿಲ್ ಸುಟ್ಟ ಮೋಟಾರನ್ನು ತೋಟದಿಂದ ವೈಂಡಿಂಗ್ ಅಂಗಡಿಗೆ ಹೊತ್ತುತರುತ್ತಾರೆ. ಸುಟ್ಟ ತಂತಿ ಕಿತ್ತು, ಹೊಸ ತಾಮ್ರ ಸುತ್ತಿ, ವಾರ್ನಿಷ್ ಕುಡಿಸಿ ಕಳಿಸುತ್ತಾರೆ. ಕಾಟಾಚಾರಕ್ಕೆ ಸುತ್ತಿದ ಮೋಟಾರು ಹೆಚ್ಚು ಕರೆಂಟು ಎಳೆಯುವುದು ನಿಜ, ಅದರ ಹೊರೆ ರೈತನ ಬದಲು ಖಜಾನೆಗೆ ಬೀಳುವುದೂ ನಿಜ. ಆದರೆ ಇದು ಹೇಳುವುದು ವೈಂಡರನಿಗೆ ಒಳ್ಳೆಯ ತಂತಿ, ಸರಿಯಾದ ಸುತ್ತಿನ ಲೆಕ್ಕ, ಕಂಪನಿಯ ನಕ್ಷೆ ಸಿಗಬೇಕೆಂದು, ವೈಂಡರನೇ ಬೇಡವೆಂದಲ್ಲ. ಶಕ್ತಿಶಾಸ್ತ್ರದಲ್ಲಿ ಈ ಜಿಲ್ಲೆಯವರಿಗೆ ಪಾಠ ಬೇಕಿಲ್ಲ. ಬೆರಣಿ ತಟ್ಟಿ ಒಲೆ ಉರಿಸಿದವರು, ಸೋತ ಟಾರ್ಚ್ ಸೆಲ್ಲನ್ನು ಬಿಸಿಲಿಗಿಟ್ಟು ಇನ್ನೊಂದು ರಾತ್ರಿ ಬೆಳಕು ಹಿಂಡಿದವರು. ಸೆಲ್ಲು ಬಿಸಿಲಿಗಿಡುವ ಅದೇ ವಿದ್ಯೆ ಪಾವಗಡದಲ್ಲಿ ಈಗ 13,000 ಎಕರೆಗೆ ಹರಡಿ 2,050 ಮೆಗಾವ್ಯಾಟ್ ಆಗಿದೆ.

ಸರ್ಕಾರ ಸುಮ್ಮನಿಲ್ಲ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗೊಂದು ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಎಂದು ನಾಲ್ಕು ವಲಯ ಆರಿಸಿ ಅದೇ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಪೋರ್ಟಲ್ ಎಂದರೆ ಬಾಗಿಲು, ಬಾಗಿಲಿರುವುದೇ ತಟ್ಟಲಿಕ್ಕೆ. ಹೀಗೆ ನಮ್ಮ ಶಾಸ್ತ್ರಕ್ಕೆ ಕದತಟ್ಟು ಎಂಬ ಮೂರನೆಯ ಪ್ರಭೇದ ಅಧಿಕೃತವಾಗಿ ಸೇರಿತು. ಫ್ರಾನ್ಸಿನಲ್ಲಿ 2021ರಲ್ಲಿ ಫೋನು, ಲ್ಯಾಪ್‌ಟಾಪುಗಳ ಮೇಲೆ ಹತ್ತಕ್ಕೆ ಎಷ್ಟು ರಿಪೇರಿಯೋಗ್ಯ ಎಂದು ಅಂಕ ಬರೆಯಬೇಕೆಂಬ ನಿಯಮ ಬಂತು. 2024ರಲ್ಲಿ ಇಲ್ಲೂ ಅಂಥ ಸೂಚ್ಯಂಕಕ್ಕೆ ಸಮಿತಿಯಾಯಿತು. ಲಿಥಿಯಂ ಬ್ಯಾಟರಿಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಬೆಂಕಿ ಏಳುತ್ತದೆ ಎಂಬ ಎಚ್ಚರಿಕೆ ಸರಿಯಾದದ್ದು, ತಟ್ಟುಶಾಸ್ತ್ರ ಚುಚ್ಚುವುದನ್ನು ಎಲ್ಲೂ ವಿಧಿಸಿಲ್ಲ. ಆದರೆ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರನ್ನು ಮನೆಮನೆಯಲ್ಲೂ ಬದಲಿಸಿಕೊಳ್ಳುತ್ತಾರೆ. ಅಪಾಯವಿದೆಯೆಂದು ಅದನ್ನು ಸಿಲಿಂಡರಿಗೆ ಅಂಟಿಸಿ ಕಳಿಸಿದವರಿಲ್ಲ.

ಸಿದ್ಧಾಂತಕ್ಕೆ ಒಂದೇ ಅಪವಾದ ಉಳಿಯುತ್ತದೆ, ಬೆಸ್ಕಾಂ ಮೀಟರು. ಅದರ ಸೀಲು ಒಡೆದು ಕೈಯಾಡಿಸಿದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯಡಿ ಅಪರಾಧ. ಸೂತ್ರಕ್ಕೆ ಇದರಿಂದ ಭಂಗವೇನೂ ಬಾರದು: ಮೀಟರು ನಮ್ಮ ಗೋಡೆಯ ಮೇಲಿದ್ದರೂ ನಮ್ಮ ತಾಬೆಯದಲ್ಲವೆಂದು ಸೀಲೇ ಬಾಯಿಬಿಟ್ಟು ಹೇಳುತ್ತದೆ. ಪೂರ್ತಿ ಬೆಲೆ ವಸೂಲುಮಾಡಿ, ಮಾಲೀಕರೇ ಎಂದು ಕರೆದು, ಮುಚ್ಚಳಕ್ಕೆ ಅಂಟು ಹಚ್ಚಿ ಕೊಡುವ ಫೋನಿಗೆ ಅಷ್ಟು ಪ್ರಾಮಾಣಿಕತೆಯಿಲ್ಲ. ಆದ್ದರಿಂದ ಮೀಟರಿಗೆ ನಾವು ತಟ್ಟುವಂತಿಲ್ಲ, ಅದರ ಬಿಸಿ ಮಾತ್ರ ನಮಗೆ ತಟ್ಟುತ್ತದೆ. ಗೃಹಜ್ಯೋತಿಯ ಮನೆಗಳಿಗೆ ಸದ್ಯಕ್ಕೆ ಅದೂ ತಟ್ಟಿಲ್ಲ.